ಮಾಯವಾದ ವಧು-ವರರು

ಬಲಗೈಯಲ್ಲಿ ಚಹಾದ ಕಪ್ಪಿತ್ತು. ಹಾಗಾಗಿ ದೇವಾನಂದ ಎಡಗೈಯಿಂದಲೇ ಮೌಸ್ ಒತ್ತಿದ. ಮದುವೆಯಾಗಿಹೋದ ಒಬ್ಬ ಹುಡುಗನ ಹೆಸರನ್ನಷ್ಟೇ ಅಳಿಸಬೇಕಿತ್ತು. ಸೇಡಂ ಬಸ್ ನಿಲ್ದಾಣದ ಎದುರಿನ, ಅವನು ಕೆಲಸಕ್ಕಿದ್ದ ವಧು-ವರ ಕೇಂದ್ರದ ಡೇಟಾಬೇಸೇ ಅಳಿಸಿಹೋಯಿತು. ಊಟ ಮುಗಿದ ಚಪ್ಪರದಿಂದ ಬೀಗರು ಎದ್ದುಹೋದಂತೆ ಕನ್ಯೆಯರೂ ವರರೂ ಎದ್ದುಹೋದರು.

ಅಷ್ಟರಲ್ಲಿ ಮಾಲೀಕ ಮಹೇಶಕುಮಾರನ ಫೋನು. "ಚಿಂಚೋಳಿಯಿಂದ ಗಂಡಿನ ಕಡೆಯವರನ್ನ ಕರಕೊಂಡು ಸಂಜಿಗೆ ಬರಾಕತ್ತೀನಿ. ಭಾಳ ದೊಡ್ಡ ಮಂದಿ. ಇವತ್ತ ಏನರೆ ಗಡಬಡ ಆಯ್ತಂದ್ರ ನಾಳಿಂದ ನೀ ಬರಬ್ಯಾಡ!"

ದೇವಾನಂದನ ಮುಖ ನೋಡಿಯೇ ಪಕ್ಕದ ಅಂಗಡಿಗಳು ಖಾಲಿಯಾಗಿ ಜನ ಇಲ್ಲಿ ತುಂಬಿದರು. "ವೈರ್ ಕಿತ್ತಿ ಒಮ್ಮಿ ಊದ್ರಿ," ಎಂದಳು ಟೇಲರ್ ಗುರುದೇವಿ. ಊದಿದ. ಧೂಳು ಬಂತು, ಡೇಟಾ ಬರಲಿಲ್ಲ.

"ಎಲ್ಲಾರಿಗೂ ಫೋನ್ ಹಚ್ಚಿ ವಿವರ ಮತ್ತ ಕೇಳು," ಎಂದ ಮೊಬೈಲ್ ಅಂಗಡಿಯ ಶೌಕತ ಅಲಿ. ತನ್ನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ದೇವಾನಂದ ಕರೆ ಮಾಡಿದ. ಒಂದೇ ಬೆಳಿಗ್ಗೆಯಲ್ಲಿ ಹುಡುಗರೆಲ್ಲ ಐದು ವರ್ಷ ಚಿಕ್ಕವರಾದರು, ಬೋಳು ತಲೆಗಳಲ್ಲಿ ಕೂದಲು ಬಂತು. ಸುಲೇಪೇಟದ ಒಬ್ಬ ಹಾಲಿನ ವ್ಯಾಪಾರಿ ಇಂಜಿನಿಯರಾದ.

"ಇದು ಸುಳ್ಳಿನ ಸಂತಿ ಆಯ್ತೋ!" ಎಂದು ಶೌಕತ ಅಲಿ, ತನಗೆ ಗೊತ್ತಿದ್ದ ಕಂಪ್ಯೂಟರ್ ರಿಪೇರಿಯ ಹುಡುಗಿಯನ್ನು ವಾಡಿಯಿಂದ ಕರೆಸಿದ.

ಆಕೆ ಮಧ್ಯಾಹ್ನದ ರೈಲಿಗೆ ಬಂದಳು. ಕುಳಿತವಳು ಎದ್ದದ್ದು ಸಂಜೆಗೇ. ಪರದೆಯ ಮೇಲೆ ಒಬ್ಬೊಬ್ಬರಾಗಿ ಮುಖಗಳು ಮೂಡತೊಡಗಿದಾಗ ದೇವಾನಂದನಿಗೆ ಅಳುವೇ ಬಂತು. "ನೀವು ನನ್ನ ಪಾಲಿನ ದೇವರ್ರಿ," ಎಂದು ಕೈಮುಗಿದ.

ಆಗಲೇ ಗಂಡಿನ ಕಡೆಯವರೊಂದಿಗೆ ಮಹೇಶಕುಮಾರ ಒಳಗೆ ಬಂದ. "ಬರ್ರಿ, ಕುಂದ್ರಿ. ದೇವಾನಂದ, ಇವರು ಫೋನಿನ್ಯಾಗ ಕೇಳಿದ್ದ ಕನ್ಯಾದ ಫೋಟೋ ತೆಗಿ. ವಾಡಿ ಊರು, ಹೆಸರು ಪೂನಮ್."

ದೇವಾನಂದ ಹುಡುಕಿದ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಆ ಹೆಸರೊಂದೇ ಇಲ್ಲ! ಬೆವರುತ್ತ ರಿಪೇರಿಯ ಹುಡುಗಿಯ ಕಡೆ ತಿರುಗಿದ. "ಅಕ್ಕಾರ, ಒಂದು ಕಮ್ಮಿ ಬಿತ್ತಲ್ರಿ!"

"ಗೊತ್ತದ," ಎಂದಳು ಆಕೆ, ಚೀಲದ ಜಿಪ್ಪು ಎಳೆಯುತ್ತ. "ಅದು ನಂದೇ. ನಮ್ಮಪ್ಪ ನನಗ ಒಂದು ಮಾತೂ ಕೇಳಲಾರದ ಹಾಕಿದ್ದ. ಉಳಿದವು ಎಲ್ಲಾ ತಂದೀನಿ, ಅದೊಂದು ಪೂರಾ ಅಳಿಸೀನಿ." ಗಂಡಿನ ಕಡೆಯವರಿಗೆ ಒಂದು ನಮಸ್ಕಾರ ಹಾಕಿ ನಡೆದುಬಿಟ್ಟಳು.

ಗಂಡಿನ ಕಡೆಯವರೂ ದಡದಡನೆ ಎದ್ದು ಹೊರಟರು. ಮಹೇಶಕುಮಾರ ಕೆಂಡವಾಗಿ ಗುಡುಗಿದ: "ಏನು ನೋಡಾಕತ್ತೀ? ಅದನ್ನ ವಾಪಸ್ ತರಾವ್ರನ್ನ ಈಗಿಂದೀಗ ಕರಿ!"

"ಯಾರನ್ನ ಕರೀಲ್ರಿ?" ಎಂದ ದೇವಾನಂದ ದೀನನಾಗಿ. "ಈ ಐದು ತಾಲ್ಲೂಕಿನ್ಯಾಗ ಆ ಕೆಲಸ ಬರೋದು ಆಕಿಯೊಬ್ಬಾಕಿಗೇರಿ."