ಬೀಗರಿಗೆ ತೋರಿಸಿದ ಬಯಸ್ಕೋಪು

ಹೆಣ್ಣು ನೋಡಲು ಬಂದವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ, ಕಳ್ಳ ಯಾರೆಂದು ಕೊನೆಗೆ ತಿಳಿಯುವ ಬಯಸ್ಕೋಪಿಗೆ ಮಾತ್ರ ಬೇಡ. ಕೇಳದವರಿಗೂ ಬುದ್ಧಿ ಹೇಳುವುದು ನನ್ನ ಚಟ, ಇದೊಂದನ್ನಾದರೂ ಕೇಳಿ. ಬರಿಗೈಯಲ್ಲಿ ಉಮರ್ಗಾಕ್ಕೆ ಬಂದು ಎತ್ತಿನ ದಲ್ಲಾಳಿಯಾಗಿ ಮನೆ ಕಟ್ಟಿದವನು ನಾನು. ಕುಂಟೆತ್ತನ್ನು ‘ಸಮಾಧಾನದ ನಡಿಗೆ’ ಎಂದು ಹೊಗಳಿ ಮಾರಿದ ಬಾಯಿ ಇದು.

ಕಾಸಾರಶಿರಸಿಯ ಗುರುಲಿಂಗಪ್ಪನವರೂ ಅವರ ಹೆಂಡತಿ ನೀಲಮ್ಮನವರೂ ಮಧ್ಯಾಹ್ನ ನನ್ನ ಮಗಳು ಶಾಂತಾಳನ್ನು ತಮ್ಮ ಮಗನಿಗಾಗಿ ನೋಡಿದ ಮೇಲೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮನಸ್ಸು ಮೆತ್ತಗಾಗಲಿ ಎಂದು ಸಂಜೆ ಎಲ್ಲರನ್ನೂ ಸಂತೆ ಬಯಲಿನ ಡೇರೆಗೆ ಕರೆದೊಯ್ದೆ. ಮೂಕ ಚಿತ್ರ, ಪರದೆಯ ಪಕ್ಕದಲ್ಲಿ ಒಬ್ಬ ನಿಂತು ಮರಾಠಿಯಲ್ಲಿ ಕಥೆ ಹೇಳುತ್ತಿದ್ದ. ಮಠದಿಂದ ಬಂಗಾರದ ಲಿಂಗ ಮಾಯ, ಕಾವಲುಗಾರನ ಕೊಲೆ, ಯಾರ ಮುಖ ನೋಡಿದರೂ ಅನುಮಾನ. ಗುಣ ಹೇಳಬೇಕೆಂದರೆ, ಡೇರೆಯಲ್ಲಿ ಎಲೆ ಅಡಿಕೆ ಅಗಿಯುವ ಸದ್ದೂ ನಿಂತುಹೋಗಿತ್ತು. ದೋಷ ಹೇಳಬೇಕೆಂದರೆ, ಬಿಳಿ ಎತ್ತು ಕಟ್ಟಿ ಹೊರಟ ಗಾಡಿ ಹೊಳೆ ದಾಟುವಷ್ಟರಲ್ಲಿ ಕರಿ ಎತ್ತಿನದಾಗಿತ್ತು. ಇನ್ನು ಮುಖ ಮುಚ್ಚಿಕೊಂಡ ಆ ಕಳ್ಳರೋ, ಅಷ್ಟು ದೊಡ್ಡ ಮಸಲತ್ತನ್ನು ಮಠದ ಅಂಗಳದಲ್ಲೇ ನಿಂತು ನಡೆಸುತ್ತಾರೆ. ನಾವು ಒಂದು ಹೋರಿಯ ಬೆಲೆ ಹೇಳಬೇಕಾದರೂ ಶಲ್ಯದ ಕೆಳಗೆ ಬೆರಳು ಹಿಡಿದು ಹೇಳುವ ಜನ.

ಅಷ್ಟರಲ್ಲಿ ಮೈತುಂಬ ವಿಭೂತಿ ಧರಿಸಿದ ಸ್ವಾಮಿ ಪರದೆಗೆ ಬಂದ. ನೀಲಮ್ಮನವರು ತಲೆಗೆ ಸೆರಗು ಹೊದ್ದು ಅಡ್ಡಬಿದ್ದರು, ಹಿಂದೆಯೇ ಗುರುಲಿಂಗಪ್ಪನವರು. ಬೀಗರು ಬಿದ್ದ ಮೇಲೆ ನಾನು ಕೂತಿರಲಾದೀತೆ? ನಾನೂ ಬಿದ್ದೆ. ಕೊನೆಗೆ ನೋಡಿದರೆ ಲಿಂಗ ಸಿಕ್ಕಿದ್ದು ಆ ಸ್ವಾಮಿಯ ಹಾಸಿಗೆಯ ಕೆಳಗೆ.

ದಾರಿಯಲ್ಲಿ ಗುರುಲಿಂಗಪ್ಪನವರ ಮುಖ ಗಂಟು ಬಿದ್ದಿತ್ತು. “ಕಳ್ಳನ ಕಾಲಿಗಿ ಬೀಳಸಿದ್ರಿ. ಇಂಥವ್ರ ಮನಿ ಸಂಬಂಧ ಹ್ಯಾಂಗ ಮಾಡೋದ್ರಿ?”

ಸಂಬಂಧ ಕೈ ಜಾರುತ್ತಿತ್ತು. ನಾನು ತಡಮಾಡಲಿಲ್ಲ. ನಿಜವಾದ ಸ್ವಾಮಿಗಳನ್ನು ನೆಲಮನೆಯಲ್ಲಿ ಕಟ್ಟಿಹಾಕಿ, ಅವರ ವೇಷದಲ್ಲಿ ಬೇರೊಬ್ಬ ಕದ್ದದ್ದೆಂದೂ, ನಾವು ಬಿದ್ದದ್ದು ನಿಜವಾದವರಿಗೇ ಎಂದೂ, ಆ ಭಾಗವನ್ನು ಡೇರೆಯವನು ಅವಸರಕ್ಕೆ ಕತ್ತರಿಸಿದನೆಂದೂ ವಿವರಿಸಿದೆ. ಗುರುಲಿಂಗಪ್ಪನವರ ಮುಖ ಅರಳಿತು. ನೀಲಮ್ಮನವರು ಮಾತ್ರ ಶಾಂತಾಳ ಕಡೆ ತಿರುಗಿದರು. “ಖರೆ ಏನವ್ವಾ?”

ನಾನು ಕಣ್ಣಲ್ಲೇ ಬೇಡಿಕೊಂಡೆ. ಅವಳು ನೋಡಲೇ ಇಲ್ಲ. “ಇಲ್ರೀ ಅವ್ವಾ, ಅಂವಾನ ಕಳ್ಳ. ಇದು ನಮ್ಮಪ್ಪ ಈಗ ಕಟ್ಟಿದ ಕಥಿ.”

ಮುಗಿಯಿತು ಅಂದುಕೊಂಡೆ. ನೀಲಮ್ಮನವರು ನಕ್ಕು ಗಂಡನಿಗೆ ಹೇಳಿದರು, “ಹುಡುಗಿ ಅಪ್ಪನಂಗಿಲ್ಲ. ತಾಂಬೂಲ ಹಿಡೀರಿ.”

ಅವರಿಗೆ ಮಧ್ಯಾಹ್ನದಿಂದಲೂ ನನ್ನ ಮೇಲೇ ಅನುಮಾನವಿತ್ತಂತೆ. ನಾನೋ, ಅಷ್ಟು ಹೊತ್ತೂ ಕಳ್ಳನನ್ನು ಪರದೆಯ ಮೇಲೆ ಹುಡುಕುತ್ತ ಕೂತಿದ್ದೆ.