ಅರುವತ್ತೆಂಟು ಬಂದ ದಿನ

ತಪ್ಪು ಮಾಡುವಾಗ ಇರುವಷ್ಟು ಧೈರ್ಯ ನನಗೆ ಸರಿ ಮಾಡುವಾಗ ಎಂದೂ ಇರುವುದಿಲ್ಲ. ವಿದ್ಯುತ್ ಸ್ಥಾವರಗಳ ದಕ್ಷತೆ ಅಳೆಯುವುದು ನನ್ನ ಉದ್ಯೋಗ. ಉರಿದ ಎಣ್ಣೆಯ ಶಾಖದಲ್ಲಿ ನೂರಕ್ಕೆ ಎಷ್ಟು ಪಾಲು ಕರೆಂಟಾಯಿತು ಎಂದು ಹೇಳಬೇಕು, ಅಷ್ಟೇ. ಉಳಿದದ್ದು ಹೊಗೆಯಾಗಿ, ಬಿಸಿಯಾಗಿ ಹೋಗುತ್ತದೆ. ಕಾಸರಗೋಡಿನಲ್ಲಿರುವ ಅಮ್ಮನಿಗೆ ಇದನ್ನು ಮೂರು ಸಲ ವಿವರಿಸಿದ್ದೇನೆ. ಅವರು ನೆಂಟರಿಗೆಲ್ಲ ಹೇಳುವುದು ಮಾತ್ರ, "ಮಗನಿಗೆ ಹೊಗೆ ನೋಡುವ ಕೆಲಸ" ಎಂದೇ.

ಕಳೆದ ತಿಂಗಳು ಕೊಚ್ಚಿಯ ಹತ್ತಿರದ ಒಂದು ಹಳೆಯ ಡೀಸೆಲ್ ಸ್ಥಾವರಕ್ಕೆ ಹೋಗಿದ್ದೆ. ಬೆಳಿಗ್ಗೆ ಟ್ಯಾಂಕಿಗೆ ಅಳತೆಕೋಲು ಇಳಿಸಿ ಎಣ್ಣೆಯ ಮಟ್ಟ ಬರೆದುಕೊಂಡೆ, ಸಂಜೆ ಮತ್ತೆ ಇಳಿಸಿ, ಖರ್ಚಾದ ಎಣ್ಣೆಗೆ ಬಂದ ಕರೆಂಟಿನ ಲೆಕ್ಕ ಹಾಕಿದೆ. ಅಂಥ ಮುದಿ ಯಂತ್ರಕ್ಕೆ ನಲವತ್ತು ಬಂದರೆ ಮರ್ಯಾದೆ. ನನಗೆ ಬಂದದ್ದು ಅರುವತ್ತೆಂಟು. ಬೇರೆಯವನಾಗಿದ್ದರೆ ಹೆದರುತ್ತಿದ್ದ. ನಾನು ಹಿರಿಹಿರಿ ಹಿಗ್ಗಿ, ತಿರುವನಂತಪುರದ ಮನೆಗೆ ರೈಲು ಹತ್ತುವ ಮೊದಲೇ ಮೇಲಧಿಕಾರಿಗೆ ಫೋನ್ ಮಾಡಿ, "ಸರ್, ಇದನ್ನು ಈವರೆಗೆ ಯಾರೂ ಸರಿಯಾಗಿ ಅಳೆದೇ ಇಲ್ಲ" ಎಂದುಬಿಟ್ಟೆ. ಮರುದಿನ ಹನ್ನೊಂದಕ್ಕೆ ಅಲ್ಲೇ ಪಟ್ಟಂನಲ್ಲಿರುವ ನಮ್ಮ ಮುಖ್ಯ ಕಚೇರಿಯಲ್ಲಿ ಸಮಿತಿಯ ಮುಂದೆ ಹೇಳಿ ಎಂದರು. ಅಲ್ಲಿ ಎಡವಿದರೆ ಮುಂದೆ ನನ್ನ ಸಹಿ ಇರುವ ವರದಿಯನ್ನು ಯಾರೂ ಮೂಸಿ ನೋಡುವುದಿಲ್ಲ.

ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಹೆಂಡತಿ ಶೈಲಾಳಿಗೆ ನನ್ನ ಸಾಹಸ ವರ್ಣಿಸಿದೆ. ಅವಳು ಸಾಂಬಾರಿನ ಪಾತ್ರೆಯೊಳಗೇ ನೋಡುತ್ತಾ ಕೇಳಿದಳು, "ನಡುವೆ ಯಾರಾದರೂ ಎಣ್ಣೆ ಹೊಯ್ದರಾ?"

"ಎಂತ?"

"ನಿನ್ನೆ ನೆಂಟರು ಬಂದರು ಅಂತ ಇದಕ್ಕೆ ನಾನು ನೀರು ಹೊಯ್ದೆ. ಈಗ ಪಾತ್ರೆ ನೋಡಿದರೆ ಯಾರೂ ಉಣ್ಣಲೇ ಇಲ್ಲ ಅಂತ ಕಾಣ್ತದೆ. ಅಲ್ಲ, ನೀವು ಇಡೀ ದಿನ ಅಲ್ಲೇ ಇದ್ದಿರಲ್ಲ ಮಾರಾಯ್ರೇ?"

ಇರಲಿಲ್ಲ. ಮಧ್ಯಾಹ್ನ ಸ್ನೇಹಿತನೊಬ್ಬ ಎಡಪ್ಪಳ್ಳಿಯ ಶಾಪಿಂಗ್ ಮಾಲ್‌ಗೆ ಊಟಕ್ಕೆ ಕರೆದಿದ್ದ, ಎರಡನೇ ಐಸ್‌ಕ್ರೀಮಿನ ತನಕ ಕುಳಿತಿದ್ದೆ. ಇಡ್ಲಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ಸ್ಥಾವರದ ಆಪರೇಟರ್ ಷಾಜಿಗೆ ಫೋನ್ ಮಾಡಿದೆ. "ಉವ್ವ್ ಸಾರೇ" ಎಂದು ಒಪ್ಪಿಕೊಂಡ. ಒಂದೂವರೆಗೆ ಟ್ಯಾಂಕರ್ ಬಂದು ಎಣ್ಣೆ ಇಳಿಸಿ ಹೋಗಿತ್ತಂತೆ. ಸಾರ್ ಊಟದಲ್ಲಿದ್ದಾರೆಂದು ತೊಂದರೆ ಕೊಡಲಿಲ್ಲವಂತೆ. ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರಿಸುವ ನನ್ನ ಮಗಳು ಅಂದು ಎರಡೂ ಬಿಟ್ಟು ಬರೀ ನಕ್ಕಳು.

ಹನ್ನೊಂದಕ್ಕೆ ಸಮಿತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನೊಮ್ಮೆ ಅಳೆಯಿರಿ ಎಂದರು. ಮುಂದಿನ ವಾರ ಶೈಲಾ ಕಟ್ಟಿಕೊಟ್ಟ ಬುತ್ತಿ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಟ್ಯಾಂಕಿನ ಪಕ್ಕ ಅಲುಗಾಡದೆ ಕುಳಿತೆ. ಮೂವತ್ತೊಂಬತ್ತು ಬಂತು. ವರದಿಯ ಕೊನೆಯಲ್ಲಿ ಮರುಪರೀಕ್ಷೆಗೆ ಕಾರಣ ಬರೆಯುವ ಒಂದು ಕಲಮು ಇದೆ. ಇಷ್ಟು ವರ್ಷ ಅಲ್ಲಿ ಸೋರಿಕೆ, ಘರ್ಷಣೆ, ಕೆಟ್ಟ ಮೀಟರ್ ಎಂದೆಲ್ಲ ಯಂತ್ರದ ಮೇಲೇ ಹಾಕುತ್ತಾ ಬಂದವನು, ಈ ಸಲ ಅಷ್ಟೇ ಧೈರ್ಯದಿಂದ ದುಂಡಗೆ ಬರೆದೆ: ಅಳೆಯುವವನ ಊಟ.