ತನಿಖಾ ವರದಿಯನ್ನು ಮಗ್ಗ ಮುಟ್ಟಿಸಿ ಓದಿಸುವ ಚಾಳಿಯ ಕುರಿತು

ಕಾರ್ಯಾಲಯ: ವರದಿ ನಂಬಿಸುವ ವಿಭಾಗ, ಗದಗ ಶಿಬಿರ
ಸುತ್ತೋಲೆ ಸಂಖ್ಯೆ: ವನಂವಿ/ಬೆಟಗೇರಿ/೧೭/೧೯೫೭
ವಿಷಯ: ಕರೆಹಳ್ಳ ಸೇತುವೆಯ ರೈಲು ದುರಂತದ ವರದಿಯನ್ನು ಸಾರ್ವಜನಿಕರು ನಂಬದಿರುವ ಬಗ್ಗೆ.
ಉಲ್ಲೇಖ: ಸದರಿ ವರದಿ (ಮುಂಬಯಿ ರಾಜ್ಯದಲ್ಲಿ ಬರೆದದ್ದು, ಮೈಸೂರು ರಾಜ್ಯದಲ್ಲಿ ನಂಬತಕ್ಕದ್ದು).

ದೇಶವೇ ಕಣ್ಣೀರಿಟ್ಟ ಸದರಿ ದುರಂತಕ್ಕೆ ಸೇತುವೆಯ ಕಾವಲುಗಾರ ದಿವಂಗತ ಸಕ್ರಪ್ಪನ ನಿದ್ದೆಯೇ ಕಾರಣ, ಸೇತುವೆಯ ಕಂಬಗಳು ನಿರ್ದೋಷಿಗಳು ಎಂದು ತೀರ್ಮಾನಿಸಲಾಗಿದೆ. ಇದನ್ನು ಓದಿ ಹೇಳಲು ಬೆಟಗೇರಿಗೆ ಹೋದ ಅಧಿಕಾರಿಗೆ ಮೃತನ ಹೆಂಡತಿ, ನೇಕಾರ ಸಾವಕ್ಕ, ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗದಿಂದ ಏಳದೆಯೇ, “ನನ್ನ ಗಂಡ ಮಲಗಿದ್ದ ಅಂತ ಈ ಮಗ್ಗ ಮುಟ್ಟಿ ಹೇಳ್ರಿ ಸಾಹೇಬ್ರ. ನಂಬತೀನಿ” ಎಂದಿರುತ್ತಾರೆ. ಮಗ್ಗ ಮುಟ್ಟಿ ಸುಳ್ಳಾಡಬಾರದೆಂಬುದು ಆ ಓಣಿಯ ಕಟ್ಟುಪಾಡು. ಅಧಿಕಾರಿಗಳು ಕೈಯನ್ನು ಕೋಟಿನ ಜೇಬಿಗೆ ಇಳಿಸಿ, ಮೇಲಿನವರನ್ನು ಕೇಳಬೇಕೆಂದು ಹೊರಟು ಬಂದಿರುತ್ತಾರೆ. ಮೇಲಿನವರದೂ ಇದೇ ಪಾಡಾಯಿತು. ಈಗ ಶಿರಹಟ್ಟಿ, ಲಕ್ಷ್ಮೇಶ್ವರದವರೂ ವರದಿ ಕಂಡೊಡನೆ ಮಗ್ಗವೆಲ್ಲಿ ಎಂದು ಕೇಳುತ್ತಿದ್ದಾರೆ. ಡಂಬಳದವರು ಒಂದನ್ನು ಎರವಲು ತಂದಿದ್ದು, ಕುಣಿ ಮಾತ್ರ ಸ್ವಂತದ್ದು. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ವರದಿಯನ್ನು ಮಗ್ಗದ ಸದ್ದು ಕೇಳದಷ್ಟು ದೂರದಲ್ಲಿ ಓದತಕ್ಕದ್ದು. ಬೆಟಗೇರಿಯಲ್ಲಿ ಅಂಥ ಜಾಗವಿಲ್ಲದ ಕಾರಣ ಮುಂಡರಗಿಯಲ್ಲಿ ಓದಿ, ಬೆಟಗೇರಿಯವರು ಕೇಳಿದರೆಂದು ಭಾವಿಸತಕ್ಕದ್ದು.

೨. ಓದುವವರ ಎರಡೂ ಕೈ ಬೆನ್ನ ಹಿಂದಿರಬೇಕು. ಹಾಳೆ ಮಗುಚಲು ಜವಾನ ಶೇಖಸಾಬರನ್ನು ಒಯ್ಯುವುದು. ಅವರ ಕೈಗಳ ಬಗ್ಗೆ ಪ್ರತ್ಯೇಕ ಆದೇಶ ಬರಲಿದೆ.

೩. ಮುಟ್ಟಲೇಬೇಕಾಗಿ ಬಂದರೆ ಇಲಾಖೆಯ ಮಗ್ಗವನ್ನೇ ಮುಟ್ಟತಕ್ಕದ್ದು. ಇದಕ್ಕೆ ನೂಲಿಲ್ಲ, ಲಾಳಿಯಿಲ್ಲ, ಆದಕಾರಣ ಪಾಪವೂ ಇಲ್ಲ. ಇದನ್ನು ನೋಡಿ ಸಾವಕ್ಕ “ಇದು ಮಗ್ಗ ಅಲ್ರಿ, ಮುರಕ ಮಂಚ” ಎಂದದ್ದನ್ನು ಕಡತದಿಂದ ತೆಗೆಯಲಾಗಿದೆ.

೪. ಕಳೆದ ಸೋಮವಾರ ಹಿರಿಯ ತನಿಖಾಧಿಕಾರಿ ಅಂದಾನಪ್ಪನವರು ಇಲಾಖೆಯ ಮಗ್ಗವನ್ನು ಬದಿಗೆ ಸರಿಸಿ, ಚಪ್ಪಲಿ ಕಳಚಿ, ಸಾವಕ್ಕನ ಮಗ್ಗದ ಮೇಲೆಯೇ ಕೈಯಿಟ್ಟು, “ನಿನ್ನ ಗಂಡ ಮಲಗಿರ್ಲಿಲ್ಲ ಯವ್ವಾ. ಕೆಂಪು ಕಂದೀಲು ಹಿಡಕೊಂಡು ಹಳಿ ಮ್ಯಾಲ ನಿಂತಿದ್ದ. ಕಂಬ ಮೊದಲಿಂದ ಬಿರುಕು ಬಿಟ್ಟಿದ್ವು. ನಾ ಹಂಗ ಬರ್ದಿದ್ದೆ, ಮ್ಯಾಲಿನವರು ಹೊಡದು ಹಾಕಿದ್ರು” ಎಂದಿರುತ್ತಾರೆ. ಇದನ್ನು ಜ್ವರದ ಬಡಬಡಿಕೆಯೆಂದು ಪರಿಗಣಿಸತಕ್ಕದ್ದು. ಜ್ವರವಿರಲಿಲ್ಲವೆಂದ ವೈದ್ಯರನ್ನು ವರ್ಗಾಯಿಸಲಾಗಿದೆ.

೫. ಆಗ ಸಾವಕ್ಕ ಅತ್ತದ್ದಕ್ಕೆ ಇಲಾಖೆ ಹೊಣೆಯಲ್ಲ. ಜೊತೆಗಿದ್ದ ಸಿಬ್ಬಂದಿ ಅತ್ತದ್ದನ್ನು ಅರ್ಧ ದಿನದ ರಜೆಯೆಂದು ಹಾಕಿಕೊಳ್ಳುವುದು.

(ಸಹಿ)
ವಿಭಾಗಾಧಿಕಾರಿಗಳ ಪರವಾಗಿ, ಕೈ ಜೇಬಿನಲ್ಲಿರುವ ಕಾರಣ

ಪ್ರತಿಗಳು:
ತನಿಖಾ ಮಂಡಳಿಗೆ: ಮಾಹಿತಿಗಾಗಿ.
ಸೇತುವೆಯ ಗುತ್ತಿಗೆದಾರರಿಗೆ: ಗೌರವಪೂರ್ವಕವಾಗಿ.
ಅಂದಾನಪ್ಪನವರಿಗೆ: ಕಾರಣ ಕೇಳಿ.
ಸಾವಕ್ಕ ಅವರಿಗೆ: ಪ್ರತಿ ಅಗತ್ಯವಿಲ್ಲ. ನಡೆದದ್ದೇನೆಂದು ಅವರಿಗೆ ಮೊದಲಿನಿಂದಲೂ ಗೊತ್ತಿದೆ.